ಕತ್ತರಿ ಕಾಣದ ಮಲ್ಲಿಗೆ

ಚಾಮರಾಜಪುರದಿಂದ ವಾಚಕಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಮನೆಯ ಹಿತ್ತಿಲಲ್ಲಿ ಐದು ವರ್ಷದ ದುಂಡುಮಲ್ಲಿಗೆಯ ಗಿಡವೊಂದಿದೆಯಂತೆ. ಅದನ್ನು ಮಗುವಿನಂತೆ ಸಾಕಿದ್ದಾರಂತೆ. ಇದುವರೆಗೆ ಅದರ ಒಂದು ಕಡ್ಡಿಯನ್ನೂ ಯಾರೂ ಮುರಿದಿಲ್ಲವಂತೆ. ಗಿಡ ಆಳೆತ್ತರವನ್ನು ಮೀರಿ ಗೋಡೆಯಾಚೆಗೆ ಇಣುಕುತ್ತಿದೆ. ಎಲೆಗಳು ಹಸುರಾಗಿ ಹೊಳೆಯುತ್ತಿವೆ. ಆದರೆ ಎರಡು ಬೇಸಗೆಗಳಿಂದ ಮೊಗ್ಗಿನ ಸುಳಿವಿಲ್ಲ. "ಯಾರ ಕಣ್ಣು ಬಿದ್ದಿತೋ ತಿಳಿಯದು, ಪರಿಹಾರವೇನಾದರೂ ಉಂಟೆ?" ಎಂದು ಕೇಳಿದ್ದಾರೆ.

ಯಾರ ಕಣ್ಣೂ ಬಿದ್ದಿಲ್ಲ, ತಾಯಿ. ಬೀಳಬೇಕಾಗಿದ್ದ ಕತ್ತರಿ ಬಿದ್ದಿಲ್ಲ, ಅಷ್ಟೆ.

ಹೀಗೆ ಒಂದೇ ಸಾಲಿನಲ್ಲಿ ಉತ್ತರ ಬರೆದು ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಒಂದು ಕಡ್ಡಿಯನ್ನೂ ಮುರಿದಿಲ್ಲವೆಂಬ ಮಾತನ್ನು ನಾನೂ ಹೆಮ್ಮೆಯಿಂದ ಆಡಿದವನೇ. ಅದಕ್ಕಾಗಿ ನಮ್ಮ ಮನೆಯಲ್ಲಿ ಮೂರು ಬೇಸಗೆಗಳನ್ನು ದಂಡವಾಗಿ ತೆತ್ತಿದ್ದೇವೆ. ಆದುದರಿಂದ ಕಾಗದವನ್ನು ಓದಿ ನಗು ಬರಲಿಲ್ಲ. ಸ್ವಲ್ಪ ವಿವರವಾಗಿಯೇ ಬರೆಯೋಣವೆನಿಸಿತು.

ಮೈಸೂರಿನಲ್ಲಿ ಕುಳಿತು ಮಲ್ಲಿಗೆಯ ವಿಷಯ ಬರೆಯುವುದೆಂದರೆ ಯಾರಿಗಾದರೂ ಸಂಕೋಚವೇ. ಕನ್ನಡ ಹೇಳಿಕೊಡುವವನಿಗಂತೂ ಇನ್ನೂ ಹೆಚ್ಚು. ಪಂಪನಿಗೆ ಬನವಾಸಿಯ ನೆನಪನ್ನು ತರುತ್ತಿದ್ದ ವಸ್ತುಗಳಲ್ಲಿ ಅರಳಿದ ಮಲ್ಲಿಗೆಯೂ ಒಂದೆಂದು ಪಾಠ ಮಾಡಬೇಕು, ೧೯೪೨ರಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಪ್ರಕಟವಾದ ಕತೆಯನ್ನು ಹೇಳಬೇಕು. ಒಮ್ಮೆ ತರಗತಿಯಲ್ಲಿ, "ನಿಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಮಲ್ಲಿಗೆಯ ಗಿಡವಿದೆ?" ಎಂದು ಕೇಳಿದೆ. ಅರುವತ್ತು ಮಂದಿಯಲ್ಲಿ ಐದು ಕೈಗಳು ಎದ್ದುವು. ಪುಸ್ತಕದ ಹೆಸರು ಮಾತ್ರ ಎಲ್ಲರಿಗೂ ತಿಳಿದಿತ್ತು. ಊರಿನ ಅಂಚಿನಲ್ಲಿ, ಶ್ರೀರಂಗಪಟ್ಟಣದ ದಾರಿಯ ಹಳ್ಳಿಗಳಲ್ಲಿ ಮಲ್ಲಿಗೆಯ ತಾಕುಗಳಿದ್ದ ನೆಲವೆಲ್ಲ ಒಂದೊಂದಾಗಿ ಬಡಾವಣೆಯಾಗುತ್ತ ಬಂದಿತು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ರಾಶಿಗೇನೂ ಕೊರತೆಯಿಲ್ಲ. ಆದರೆ ಆ ರಾಶಿಯಲ್ಲಿ ಸತ್ಯಮಂಗಲದ ಕಡೆಯಿಂದ ಘಾಟಿ ಹತ್ತಿ ಬಂದ ಹೂವೂ ಇರುತ್ತದೆ. ಮೈಸೂರು, ಉಡುಪಿ, ಹಡಗಲಿ ಈ ಮೂರು ಊರುಗಳ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ನೋಂದಣಿಯಾಗಿದೆ. ಹೆಸರಿಗೆ ಕಾವಲು ಸಿಕ್ಕಿತು. ಗಿಡದ ಕಾವಲು ಹಿತ್ತಿಲಿರುವವರ ಪಾಲಿಗೆ ಉಳಿದಿದೆ. ಈ ಮೂರರಲ್ಲಿ ಹಡಗಲಿಯದು ಬೇರೆಯೇ ಒಂದು ಜಾತಿ. ಉಡುಪಿಯ ಶಂಕರಪುರದ್ದು ನಮ್ಮ ಹಿತ್ತಿಲ ದುಂಡುಮಲ್ಲಿಗೆಯ ಬಳಗ. ಅಲ್ಲಿ ಮನೆಯ ಅಂಗಳದ ಹತ್ತು ಹದಿನೈದು ಗಿಡಗಳನ್ನೇ ನಂಬಿಕೊಂಡು ಸಂಸಾರ ತೂಗಿಸಿದ ಹೆಂಗಸರಿದ್ದಾರೆ. ಗಿಡಕ್ಕೆ ಕತ್ತರಿ ಹಾಕಬಾರದೆಂದು ಅವರಾರೂ ಹೇಳುವುದಿಲ್ಲ.

ಈಗ ನಮ್ಮ ಮನೆಯ ಗಿಡದ ಕತೆ. ಅದನ್ನು ನೆಟ್ಟವರು ನಮ್ಮ ತಾಯಿ. ನಾನು ಪ್ರೌಢಶಾಲೆಯಲ್ಲಿದ್ದಾಗ ತವರಿನಿಂದ ಒದ್ದೆಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿ ಅದು. ಬಚ್ಚಲಿನ ಗೋಡೆಯ ಪಕ್ಕದಲ್ಲಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಜಾಗವನ್ನು ನೋಡಿ ಊರಿದರು. ಪ್ರತಿ ವರ್ಷ ಯುಗಾದಿಯ ವೇಳೆಗೆ ಗಿಡ ಬಿರಿಯುತ್ತಿತ್ತು. ಬೆಳಿಗ್ಗೆ ಬಿಡಿಸಿದ ಮೊಗ್ಗನ್ನು ಬಾಳೆಯ ನಾರಿನಲ್ಲಿ ಕಟ್ಟಿ, ದೇವರಿಗೊಂದು ತುಂಡು, ಅಕ್ಕನ ಜಡೆಗೊಂದು ತುಂಡು, ಎದುರುಮನೆಗೊಂದು ತುಂಡು ಎಂದು ಪಾಲು ಮಾಡುತ್ತಿದ್ದರು. ನಮ್ಮ ತಂದೆಯವರಿಗೆ ಇದರಲ್ಲಿ ಪಾಲೂ ಇರಲಿಲ್ಲ, ಗಮನವೂ ಇರಲಿಲ್ಲ. ಅವರು ಒಂಬತ್ತೂವರೆಗೆ ಕಚೇರಿಗೆ ಹೊರಟರೆ ಸಂಜೆ ಆರಕ್ಕೆ ಬರುವವರು.

ಮೂರು ವರ್ಷಗಳ ಹಿಂದೆ, ಆಷಾಢದಲ್ಲಿ ತಾಯಿ ತೀರಿಕೊಂಡರು. ಅಷ್ಟರಲ್ಲಿ ತಂದೆಯವರಿಗೆ ನಿವೃತ್ತಿಯಾಗಿತ್ತು. ಅವರು ಬೆತ್ತದ ಕುರ್ಚಿಯನ್ನು ಹಿತ್ತಿಲಿಗೆ ಸಾಗಿಸಿಕೊಂಡು ಸಂಜೆಯ ಹೊತ್ತು ಗಿಡದ ಪಕ್ಕದಲ್ಲಿ ಕೂಡತೊಡಗಿದರು. ಒಮ್ಮೆ ಬಟ್ಟೆ ಒಣಗಹಾಕುವ ತಂತಿಗೆ ಅಡ್ಡವಾಗಿದ್ದ ಒಂದು ರೆಂಬೆಯನ್ನು ನನ್ನ ಮಡದಿ ಕತ್ತರಿಸಹೋದಾಗ, "ಅವಳು ನೆಟ್ಟ ಗಿಡ, ಅದರ ತಂಟೆಗೆ ಹೋಗಬೇಡಮ್ಮ" ಎಂದರು. ತಂತಿಯೇ ಬೇರೆ ಕಡೆಗೆ ಹೋಯಿತು. ಅಂದಿನಿಂದ ಆ ಗಿಡ ಹಿತ್ತಿಲಿನಲ್ಲಿ ದೇವರ ಗಿಡದಂತಾಯಿತು.

ಮೊದಲ ಬೇಸಗೆಯಲ್ಲಿ ಹೂವು ಅರ್ಧಕ್ಕಿಳಿಯಿತು. ಎರಡನೆಯ ಬೇಸಗೆಯಲ್ಲಿ ಗೋಡೆಯ ಮೇಲುಗಡೆ, ಕೈಗೆಟುಕದಲ್ಲಿ, ಒಂದು ಬೊಗಸೆ. ಆಗ ನಾನು ಪಂಡಿತನಾದೆ. ಗಿಡಕ್ಕೆ ಶಕ್ತಿ ಸಾಲದೆಂದು ತೀರ್ಮಾನಿಸಿ, ಒಬ್ಬ ಗೊಬ್ಬರದ ವ್ಯಾಪಾರಿಯ ಮಾತು ಕೇಳಿ, ಯೂರಿಯಾ ತಂದು ಬುಡಕ್ಕೆ ಹಿಡಿ ಹಿಡಿಯಾಗಿ ಸುರಿದೆ. ಹದಿನೈದು ದಿನಗಳಲ್ಲಿ ಎಲೆಗಳು ಅಂಗೈಯಗಲವಾದುವು. ನೋಡಿದವರೆಲ್ಲ ಹೊಗಳಿದರು. ಮೂರನೆಯ ಬೇಸಗೆಯಲ್ಲಿ ಒಂದು ಮೊಗ್ಗೂ ಇಲ್ಲ. ಹಿತ್ತಿಲಲ್ಲಿ ಅಷ್ಟು ದೊಡ್ಡ ಗಿಡವನ್ನಿಟ್ಟುಕೊಂಡು ತಂದೆಯವರು ದಿನವೂ ಬೀದಿಯ ತಿರುವಿನ ಹೂವಾಡಗಿತ್ತಿಯಿಂದ ಒಂದು ಮೊಳ ಕೊಂಡು ತಂದು ತಾಯಿಯ ಪಟಕ್ಕೆ ಹಾಕುತ್ತಿದ್ದರು.

ಕಳೆದ ಮಾರ್ಗಶಿರದಲ್ಲಿ, ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಮಂಡಿನೋವಿನಿಂದ ಬಿಟ್ಟಿದ್ದ ಮುದುಕಿಯೊಬ್ಬಳು ಮೊಮ್ಮಗನ ಮದುವೆಯ ಕರೆಯೋಲೆ ಕೊಡಲು ಬಂದಳು. ವಾಡಿಕೆಯಂತೆ ಹಿತ್ತಿಲ ಬಾಗಿಲಿನಿಂದಲೇ ಬಂದವಳು ಗಿಡವನ್ನು ಕಂಡು ನಿಂತುಬಿಟ್ಟಳು.

"ಇದೇನ್ ಮೇಷ್ಟ್ರೆ, ಗಿಡಾನ ಕಾಡು ಮಾಡಿಬಿಟ್ಟಿದ್ದೀರಿ! ಅಮ್ಮಾವ್ರು ಇದ್ದಾಗ ವರ್ಷಾ ವರ್ಷಾ ಬೋಳು ಹೊಡೀತಿದ್ರಲ್ಲ?"

ಕುರ್ಚಿಯಲ್ಲಿದ್ದ ತಂದೆಯವರು ತಲೆಯೆತ್ತಿದರು. "ಯಾರು? ಅವಳೆ?"

"ಇನ್ಯಾರು ಬುದ್ಧಿ? ಕಾರ್ತೀಕ ಕಳೀಲಿ, ಧನುರ್ಮಾಸ ಹುಟ್ಟೋದರೊಳಗೆ ಅಂತ ಕಾಯೋರು. ನಾನು ರೆಂಬೆ ಹಿಡ್ಕೊಳ್ಳೋದು, ಅವರು ಕತ್ತರಿಸೋದು. ಮಂಡಿ ಎತ್ತರಕ್ಕೆ ಇಳಿಸಿಬಿಡೋರು. ನೀವು ಕಚೇರಿಗೆ ಹೋಗಿರ್ತಿದ್ರಿ."

ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕತ್ತರಿಸಿದ ಕಡ್ಡಿಯನ್ನೆಲ್ಲ ಏನು ಮಾಡುತ್ತಿದ್ದಳು?" ಎಂದು ಕೇಳಿದರು.

"ಹಂಡೆ ಒಲೆಗೆ ಹಾಕೋರು. ಆ ನೀರಲ್ಲೇ ಅಲ್ವ ನೀವು ಸ್ನಾನ ಮಾಡಿ ಕಚೇರಿಗೆ ಹೋಗ್ತಿದ್ದುದು?"

ಮುದುಕಿ ಕಾಫಿ ಕುಡಿದು ಹೋದಳು. ತಂದೆಯವರು ಅಂದು ರಾತ್ರಿ ಊಟದ ಹೊತ್ತಿನಲ್ಲೂ ಆ ಮಾತನ್ನೆತ್ತಲಿಲ್ಲ. ನಾನೂ ಕೆದಕಲಿಲ್ಲ. ಬದಲಿಗೆ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕ ಮಿತ್ರರ ಬಳಿಗೆ ಹೋದೆ. ಅವರು ಒಂದು ಕಡ್ಡಿಯನ್ನು ಮುಂದಿಟ್ಟುಕೊಂಡು ವಿವರಿಸಿದುದು ಇಷ್ಟು.

ಮಲ್ಲಿಗೆಯ ಎಲೆಗಳು ಕಡ್ಡಿಯ ಮೇಲೆ ಎದುರುಬದುರಾಗಿ, ಜೋಡಿ ಜೋಡಿಯಾಗಿ ಹುಟ್ಟುತ್ತವೆ. ಪ್ರತಿಯೊಂದು ಎಲೆಯ ಕಂಕುಳಲ್ಲೂ ಒಂದು ಸಣ್ಣ ಕಣ್ಣು ಅಡಗಿರುತ್ತದೆ. ಆದರೆ ತುದಿಯ ಕುಡಿ ಬೆಳೆಯುತ್ತಿರುವವರೆಗೆ ಅದು ಕೆಳಗಿನ ಕಣ್ಣುಗಳನ್ನು ಏಳಗೊಡುವುದಿಲ್ಲ. ಹಿರಿಯ ಯಜಮಾನನೊಬ್ಬನಿರುವ ಅವಿಭಕ್ತ ಕುಟುಂಬದಂತೆ ಎನ್ನಿ. ಆ ತುದಿಯನ್ನು ಕತ್ತರಿಸಿದೊಡನೆ ಕೆಳಗಿನ ಜೋಡಿ ಕಣ್ಣುಗಳು ಎಚ್ಚರಗೊಂಡು, ಒಂದಿದ್ದ ಕಡ್ಡಿ ಎರಡಾಗುತ್ತದೆ. ಇಲ್ಲಿಯೇ ಗುಟ್ಟಿರುವುದು: ದುಂಡುಮಲ್ಲಿಗೆ ಹಳೆಯ ಕಡ್ಡಿಯ ಮೈಮೇಲೆ ಹೂಬಿಡುವ ಗಿಡವಲ್ಲ. ಹೊಸದಾಗಿ ಚಿಗುರಿದ ಕಡ್ಡಿ ಕೆಲವು ಜೊತೆ ಎಲೆಗಳನ್ನು ಬಿಟ್ಟು, ಕೊನೆಯಲ್ಲಿ ತನ್ನ ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗುಗಳ ಒಂದು ಗೊಂಚಲನ್ನು ಹಿಡಿಯುತ್ತದೆ. ನಡುವಿನದು ಮೊದಲು, ಇಕ್ಕೆಲದವು ಆಮೇಲೆ ಅರಳುತ್ತವೆ. ಎಷ್ಟು ಹೊಸ ತುದಿಗಳೋ ಅಷ್ಟು ಗೊಂಚಲು. ಕತ್ತರಿಯನ್ನು ಕಾಣದ ಗಿಡದಲ್ಲಿ ಹೊಸ ತುದಿಗಳು ಕಡಿಮೆಯಾಗುತ್ತ, ಇರುವ ಕೆಲವೂ ಬಿಸಿಲನ್ನರಸಿ ಮೇಲೆ ಮೇಲೆ ಹೋಗುತ್ತವೆ. ಕೆಳಗೆಲ್ಲ ಮುದಿ ಕಟ್ಟಿಗೆ. ನಮ್ಮ ಗೋಡೆಯ ಮೇಲಿನ ಒಂದು ಬೊಗಸೆಯ ಅರ್ಥ ಆಗ ತಿಳಿಯಿತು. ಯೂರಿಯಾ ಆ ಉಳಿದ ಒಂದು ಬೊಗಸೆಯನ್ನೂ ನುಂಗಿತ್ತು: ಸಾರಜನಕ ಹೆಚ್ಚಾದ ಗಿಡಕ್ಕೆ ಎಲೆಯ ಮೇಲೆಯೇ ಧ್ಯಾನ.

ಮರುಭಾನುವಾರ ಬೆಳಿಗ್ಗೆ ತಂದೆಯವರು ತಾವೇ ಕತ್ತರಿಯನ್ನು ಕೇಳಿದರು. ದೊಡ್ಡ ಕತ್ತರಿಯ ಬಾಯನ್ನು ಬಿಸಿನೀರಿನಲ್ಲಿ ತೊಳೆದು, ಉಜ್ಜಿ ಕೊಟ್ಟೆ. ಮೊದಲ ರೆಂಬೆಯನ್ನು ಹಿಡಿದು ಸ್ವಲ್ಪ ಹೊತ್ತು ನಿಂತರು. ನಾನು ಮುಂದೆ ಬಂದೆ. "ಬೇಡ, ನೀನು ಹಿಡಿದುಕೊ" ಎಂದರು. ನಾನು ಹಿಡಿದುಕೊಂಡೆ, ಅವರು ಕತ್ತರಿಸಿದರು. ಒಂದೂವರೆ ಗಂಟೆಯಲ್ಲಿ ಆಳೆತ್ತರದ ಗಿಡ ಮಂಡಿಯೆತ್ತರದ ಆರೇಳು ಬೊಡ್ಡೆಗಳಾಗಿ ನಿಂತಿತು. ಆಮೇಲೆ ಎರಡು ವಾರ ಅವರು ಹಿತ್ತಿಲ ಕಡೆಗೆ ಬರಲಿಲ್ಲ. ಕುರ್ಚಿ ಮುಂಬಾಗಿಲಿಗೆ ಹೋಯಿತು.

ನನಗೂ ಧೈರ್ಯವಿತ್ತೆಂದು ಹೇಳಲಾರೆ. ಆದುದರಿಂದ, ಚಾಮರಾಜಪುರದ ತಾಯಿಯವರೂ ಕತ್ತರಿ ಹಿಡಿಯುವ ಮೊದಲು ಈ ವಿವರಗಳನ್ನು ಗಮನಿಸಬೇಕು. ದುಂಡುಮಲ್ಲಿಗೆಗೆ ಕತ್ತರಿ ಹಾಕುವ ಕಾಲ ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್ ಮುಗಿಯುವವರೆಗೆ. ನಮ್ಮ ತಾಯಿಯ ಪಂಚಾಂಗವೂ ಇದನ್ನೇ ಹೇಳುತ್ತಿತ್ತೆಂಬುದು ಈಗ ಸ್ಪಷ್ಟವಾಗಿದೆ. ಅದಕ್ಕೆ ಮುಂಚೆ ಕೆಲವು ದಿನ ನೀರನ್ನು ಕಡಿಮೆ ಮಾಡಿ ಗಿಡಕ್ಕೆ ವಿಶ್ರಾಂತಿ ಕೊಡಬೇಕು. ನೆಲದಿಂದ ಸುಮಾರು ೪೫ ರಿಂದ ೫೦ ಸೆಂಟಿಮೀಟರ್ ಬಿಟ್ಟು, ಎಲೆಜೋಡಿಯ ಗೆಣ್ಣಿಗಿಂತ ತುಸು ಮೇಲಕ್ಕೆ ಕತ್ತರಿಸುವುದು. ಒಣಗಿದ ಕಡ್ಡಿ, ರೋಗದ ಕಡ್ಡಿ, ಒಂದನ್ನೊಂದು ಉಜ್ಜುವ ಕಡ್ಡಿಗಳನ್ನು ಬುಡಕ್ಕೇ ತೆಗೆಯುವುದು. ಉಳಿದ ಎಲೆಗಳನ್ನೂ ಕೈಯಿಂದ ಉದುರಿಸಿಬಿಡಬಹುದು. ಆಮೇಲೆ ಬುಡದ ಮಣ್ಣನ್ನು ಹಗುರಾಗಿ ಕೆದಕಿ, ಒಂದು ದೊಡ್ಡ ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಮೂಳೆಪುಡಿಯನ್ನು ಬೆರೆಸಿ ನೀರು ಕಟ್ಟಿದರೆ ಮುಗಿಯಿತು. ಯೂರಿಯಾದ ಚೀಲವನ್ನು ಬಿಚ್ಚಬೇಡಿ. ಆ ಅನುಭವ ನಮ್ಮ ಮನೆಯಲ್ಲೇ ಸಾಕಷ್ಟಾಗಿದೆ.

ಕತ್ತರಿಸಿದರೂ ಹೂವು ಬರದಿದ್ದರೆ ಬಿಸಿಲನ್ನು ನೋಡಿ. ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೀಳದ ಕಡೆ ಮಲ್ಲಿಗೆ ಬದುಕುತ್ತದೆ, ಹೂಬಿಡುವುದಿಲ್ಲ. ಗಿಡ ನೆಟ್ಟಾಗ ಬಯಲಾಗಿದ್ದ ಪಕ್ಕದ ನಿವೇಶನದಲ್ಲಿ ಈಗ ಮೂರು ಮಹಡಿ ಎದ್ದಿದ್ದರೆ, ತಪ್ಪು ಗಿಡದ್ದೂ ಅಲ್ಲ, ನಿಮ್ಮದೂ ಅಲ್ಲ. ಕುಂಡದಲ್ಲಿ ಬೆಳೆಸುವವರು ಅಗಲಬಾಯಿಯ, ಅಡಿಗಿಂತ ಕಡಿಮೆಯಿಲ್ಲದ ಆಳದ ಕುಂಡವನ್ನೇ ಆರಿಸಬೇಕು. ತಳದ ತೂತು ಮುಚ್ಚಿ ನೀರು ನಿಂತರೆ ಬೇರು ಕೊಳೆಯುವುದು ಖಂಡಿತ.

ಇನ್ನೊಂದು ತೊಂದರೆ ಮೈಸೂರಿನ ಹೊಸ ಬಡಾವಣೆಗಳಲ್ಲಿ ಬಹಳ ಕಾಣುತ್ತದೆ. ಚಿಗುರೆಲೆ ಹಳದಿಯಾಗಿ, ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ಕೊಳವೆ ಬಾವಿಯ ಗಡಸು ನೀರನ್ನು ಬಹುಕಾಲ ಹಾಕಿದ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕುವುದಿಲ್ಲ. ಗ್ರಂದಿಗೆ ಅಂಗಡಿಯಲ್ಲಿ ಅನ್ನಭೇದಿಯೆಂದು ಕೇಳಿದರೆ ಹಸುರು ಹರಳು ಕೊಡುತ್ತಾರೆ. ಒಂದು ಲೀಟರ್ ನೀರಿಗೆ ೫ ಗ್ರಾಂ ಬೆರೆಸಿ, ಸಂಜೆಯ ಹೊತ್ತು ಎಲೆಗಳ ಮೇಲೆ ಸಿಂಪಡಿಸಿ. ಹತ್ತು ಹದಿನೈದು ದಿನಗಳಿಗೊಮ್ಮೆ ಎರಡು ಮೂರು ಸಲ ಮಾಡಿದರೆ ಹಸುರು ಮರಳುತ್ತದೆ. ಬಟ್ಟೆಯ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ಎಚ್ಚರಿಕೆ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಅರಳದೆ ಉದುರುತ್ತಿದ್ದರೆ ಒಳಗೆ ಹುಳುವಿದೆಯೆಂದು ತಿಳಿಯಬೇಕು. ಅಂಥ ಮೊಗ್ಗುಗಳನ್ನು ಬಿಡಿಸಿ ಸುಟ್ಟುಬಿಡುವುದು ಮನೆಯ ಗಿಡಕ್ಕೆ ಸಾಕಾದ ಮದ್ದು. ಗಿಡದ ಬುಡದಲ್ಲಿಯೇ ಎಸೆದರೆ ಹುಳುವಿಗೆ ನಾವೇ ತೊಟ್ಟಿಲು ಕಟ್ಟಿಕೊಟ್ಟಂತಾಗುತ್ತದೆ.

ಹೂವಿನ ಕಾಲದಲ್ಲಿ ಇನ್ನೊಂದು ಕೆಲಸವುಂಟು. ಒಂದು ಗೊಂಚಲು ಮುಗಿದೊಡನೆ ಅದರ ಕೆಳಗಿನ ಒಂದು ಜೊತೆ ಎಲೆಯ ಸಮೇತ ತುದಿಯನ್ನು ಚಿವುಟಬೇಕು. ಮತ್ತೆ ಎರಡು ಕುಡಿ, ಮತ್ತೆ ಎರಡು ಗೊಂಚಲು. ನಮ್ಮ ತಾಯಿ ಹೂ ಬಿಡಿಸುವಾಗ ಎಡಗೈ ಸುಮ್ಮನಿರದೆ ಏನನ್ನೋ ಚಿವುಟುತ್ತಲೇ ಇದ್ದುದು ನನಗೆ ನೆನಪಿದೆ. ಅದು ಅವರ ಚಾಳಿಯೆಂದು ಭಾವಿಸಿದ್ದೆ.

ಮೊಗ್ಗನ್ನು ಬೆಳಿಗ್ಗೆಯೇ ಏಕೆ ಬಿಡಿಸಬೇಕೆಂದು ಕೆಲವರು ಕೇಳುವುದುಂಟು. ತುಂಬಿ ಬೆಳ್ಳಗಾದ ಮೊಗ್ಗು ಆ ದಿನದ ಸಂಜೆ ಗಿಡದ ಮೇಲಿದ್ದರೂ ಅರಳುತ್ತದೆ, ಮುಡಿಯಲ್ಲಿದ್ದರೂ ಅರಳುತ್ತದೆ. ಗುಲಾಬಿಯನ್ನು ಕಿತ್ತರೆ ಇದ್ದ ಕಂಪನ್ನೇ ಕಳೆದುಕೊಳ್ಳುತ್ತ ಹೋಗುತ್ತದೆ. ಮಲ್ಲಿಗೆ ಹಾಗಲ್ಲ, ಕಿತ್ತ ಮೇಲೂ ಗಂಧವನ್ನು ಹೊಸದಾಗಿ ಹುಟ್ಟಿಸುತ್ತಲೇ ಇರುತ್ತದೆ. ಚೀನಾದಲ್ಲಿ ಚಹದ ಎಲೆಗಳ ನಡುವೆ ಇದೇ ಜಾತಿಯ ಮೊಗ್ಗನ್ನು ರಾತ್ರಿಯೆಲ್ಲ ಇಟ್ಟು ಕಂಪನ್ನು ಹಿಡಿಸುವುದೂ ಈ ಗುಣವನ್ನು ನಂಬಿಯೇ. ಫಿಲಿಪೀನ್ಸಿನವರು ೧೯೩೪ರಲ್ಲಿ ಇದನ್ನು ತಮ್ಮ ರಾಷ್ಟ್ರಪುಷ್ಪವನ್ನಾಗಿ ಮಾಡಿಕೊಂಡರು. ಲಿನೇಯಸ್ ಪಂಡಿತನು ೧೭೫೩ರಲ್ಲಿ ನಮ್ಮ ಮಲ್ಲಿಗೆಯನ್ನೂ ಪಾರಿಜಾತವನ್ನೂ ಇರುಳಿನ ಹೂವುಗಳೆಂದು ಒಂದೇ ಕುಲದಲ್ಲಿ ಸೇರಿಸಿದ್ದ. ೧೭೮೯ರಲ್ಲಿ ಏಟನ್ ಎಂಬವನು ಮಲ್ಲಿಗೆಯನ್ನು ಅಲ್ಲಿಂದ ಬಿಡಿಸಿ ಜಾಜಿಯ ಜೊತೆಗಿಟ್ಟ. ಶಾಸ್ತ್ರಕ್ಕೆ ಅದೇ ಸರಿ. ಪೂಜೆಯ ಬುಟ್ಟಿಯಲ್ಲಿ ಮಾತ್ರ ಹಳೆಯ ನೆಂಟಸ್ತಿಕೆಯೇ ಉಳಿದಿದೆ.

ನಮ್ಮ ಬೊಡ್ಡೆಗಳು ಸಂಕ್ರಾಂತಿಗೆ ಚಿಗುರಿದುವು. ಮೊದಲು ಕಂಡವಳು ನನ್ನ ಮಗಳು. ಅವಳೇ ಅಜ್ಜನ ಕೈಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು. ಸಾಸಿವೆಯಷ್ಟು ಹಸುರು ಕಣ್ಣುಗಳು ಗೆಣ್ಣು ಗೆಣ್ಣಿನಲ್ಲೂ ಜೋಡಿಯಾಗಿ ಎದ್ದಿದ್ದುವು. ಅಂದು ಸಂಜೆ ಕುರ್ಚಿ ಮತ್ತೆ ಹಿತ್ತಿಲಿಗೆ ಬಂದಿತು. ಮಾರ್ಚ್ ಕೊನೆಯ ವಾರದಲ್ಲಿ ಮೊದಲ ಮೊಗ್ಗುಗಳು ಬಲಿತುವು. ತಂದೆಯವರು ಎಣಿಸಿ ಬಿಡಿಸಿದರು: ಹದಿನೇಳು. ಒಂದು ಗೇಣಿಗೂ ಸಾಲದು. ಬಾಳೆಯ ನಾರನ್ನು ನೆನೆಸಿ ತಾವೇ ಕಟ್ಟಲು ಕುಳಿತರು. ಎಪ್ಪತ್ತು ವರ್ಷದ ಬಾಳಿನಲ್ಲಿ ಹೂ ಕಟ್ಟಿದವರಲ್ಲ. ಅರ್ಧ ಗಂಟೆ ಕಳೆದರೂ ಗಂಟು ಬಿಗಿಯಲಿಲ್ಲ, ನಾಲ್ಕು ಮೊಗ್ಗು ಉದುರಿಹೋದುವು. ನನ್ನ ಮಡದಿ ಸಹಾಯಕ್ಕೆಂದು ಕೈಚಾಚಿ, ಏನೋ ತೋರಿ ಹಿಂದಕ್ಕೆ ತೆಗೆದುಕೊಂಡಳು. ಉಳಿದ ಹದಿಮೂರು ಮೊಗ್ಗಿನ ಆ ಸೊಟ್ಟ ತುಂಡು ಪಟದ ಮೇಲೇರಿತು. ರಾತ್ರಿ ಊಟಕ್ಕೆ ಕುಳಿತಾಗ ನಡುಮನೆಯಿಂದ ಕಂಪು ಬಂದಿತು. ಅಕ್ಕಪಕ್ಕ ಕುಳಿತ ನಾವು ಯಾರೂ ಮಾತಾಡಲಿಲ್ಲ.

ಏಪ್ರಿಲ್ ನಡುವಿನ ಹೊತ್ತಿಗೆ ಬುಟ್ಟಿ ತುಂಬತೊಡಗಿತು. ಎದುರುಮನೆಗೂ ಒಂದು ತುಂಡು ಹೋಗುತ್ತಿದೆ. ತಂದೆಯವರ ಗಂಟು ಈಗ ಬಿಗಿಯಾಗಿದೆ, ಆದರೂ ಮಾಲೆ ನೆಟ್ಟಗಾಗಿಲ್ಲ.

ಡಿಸೆಂಬರಿನಲ್ಲಿ ಕತ್ತರಿಸಿದ ಕಡ್ಡಿಗಳಲ್ಲಿ, ಹಂಡೆಯ ಒಲೆ ಈಗಿಲ್ಲದುದರಿಂದ, ಪೆನ್ಸಿಲಿನ ದಪ್ಪದ ಆರನ್ನು ಆರಿಸಿ, ಗೇಣುದ್ದಕ್ಕೆ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗಿರುವಂತೆ ಮರಳು ಬೆರೆಸಿದ ಕುಂಡದಲ್ಲಿ ಊರಿದ್ದೆ. ಚಳಿಯ ಕಾಲ ಇದಕ್ಕೆ ಒಳ್ಳೆಯದಲ್ಲ, ಮಳೆಗಾಲವೇ ಸರಿ. ನಾಲ್ಕು ಒಣಗಿದುವು, ಎರಡು ಬೇರು ಬಿಟ್ಟುವು. ಒಂದನ್ನು ಮುದುಕಿಯ ಮನೆಗೆ ಮದುವೆಯ ಉಡುಗೊರೆಯ ಜೊತೆಗೆ ಕೊಟ್ಟುಬಂದೆವು. ಇನ್ನೊಂದು ಬೆಂಗಳೂರಿನಲ್ಲಿರುವ ಅಕ್ಕನಿಗೆ. ಅವಳ ಮನೆ ಐದನೆಯ ಮಹಡಿಯಲ್ಲಿ. ಬಿಸಿಲುಮಚ್ಚು ಎಂದು ಅವರು ಕರೆಯುವುದು ಉತ್ತರ ದಿಕ್ಕಿಗಿದೆ, ಅಲ್ಲಿ ಬಿಸಿಲೂ ಇಲ್ಲ, ಮಚ್ಚೂ ಇಲ್ಲ. ಅಡಿಗೆಮನೆಯ ಪೂರ್ವದ ಕಿಟಕಿಯ ಹೊರಗೆ ಕಬ್ಬಿಣದ ಚೌಕಟ್ಟು ಕಟ್ಟಿಸಿಕೊ ಎಂದು ಎರಡು ಸಲ ಹೇಳಿದ್ದೇನೆ. ಕಟ್ಟಿಸುವವರೆಗೆ ಕುಂಡ ಇಲ್ಲಿಯೇ, ತಾಯಿಗಿಡದ ಪಕ್ಕದಲ್ಲಿ ಇರಲೆಂದು ತಂದೆಯವರು ಅಪ್ಪಣೆ ಮಾಡಿದ್ದಾರೆ.